ಹಣ ಕೊಟ್ಟು ಕೊಂಡ ಡೊಮೈನ್ ನನ್ನದಲ್ಲವೇ?

ಪ್ರಶ್ನೆ: ವಾಟರ್ ಪ್ಯೂರಿಫೈಯರ್ ರಿಪೇರಿ ಅಂಗಡಿ ನಡೆಸುತ್ತೇನೆ. ಹೆಸರಾಂತ ಬ್ರ್ಯಾಂಡ್‌ವೊಂದರ ಹೆಸರಿಗೆ 'ಸರ್ವಿಸ್' ಸೇರಿಸಿ ಡಾಟ್ ಕಾಮ್ ಡೊಮೈನ್ ಕೊಂಡಿದ್ದೆ. ಈಗ ಕಂಪನಿಯ ವಕೀಲರಿಂದ ನೋಟಿಸ್ ಬಂದಿದೆ. ಅವರಿಗೇ ಒಳ್ಳೆಯ ಬೆಲೆಗೆ ಮಾರಿಬಿಡಲೇ?
– ಓದುಗರು, ದಾವಣಗೆರೆ

ಉತ್ತರ: ಮಾರುವ ಮಾತನ್ನು ದಯವಿಟ್ಟು ಎತ್ತಬೇಡಿ. ಡೊಮೈನಿಗೆ ಆದ ಖರ್ಚನ್ನು ಮೀರಿದ ಬೆಲೆಗೆ ಬ್ರ್ಯಾಂಡಿನವರಿಗೇ ಮಾರಲೆಂದು ಅದನ್ನು ಕೊಂಡಿದ್ದರೆ, ಡಾಟ್ ಕಾಮ್ ತಕರಾರುಗಳ ನಿಯಮದಲ್ಲಿ ಅದು ದುರುದ್ದೇಶಕ್ಕೆ ಪುರಾವೆ. ನೀವು ಕಳಿಸಿದ ಒಂದೇ ಒಂದು ವಾಟ್ಸ್ಆ್ಯಪ್ ಮೆಸೇಜು ಅವರ ಕಡತದಲ್ಲಿ ಮೊದಲ ಹಾಳೆಯಾಗುತ್ತದೆ.

ಡೊಮೈನ್ ಮಾರುವ ಕಂಪನಿ ನೋಡುವುದು ಹೆಸರು ಖಾಲಿ ಇದೆಯೇ ಎಂದಷ್ಟೇ. ಬೇರೆಯವರ ಹಕ್ಕಿಗೆ ಧಕ್ಕೆಯಿಲ್ಲ ಎಂದು ಷರತ್ತುಗಳಲ್ಲಿ ಒಪ್ಪಿದವರು ನೀವು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸತ್ಯಂ ಇನ್ಫೋವೇ ಪ್ರಕರಣವನ್ನೇ ನೋಡಿ. ಆ ಕಂಪನಿಯ 'ಸಿಫಿ' ಎಂಬ ಹೆಸರಿಗೆ ತೀರಾ ಹತ್ತಿರದ 'ಸಿಫಿನೆಟ್' ಡೊಮೈನುಗಳಿಗೆ ಅಲ್ಲಿ ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೈನಿಗೆಂದೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಬೇರೆಯವರ ಹೆಸರಿನಲ್ಲಿ ವ್ಯಾಪಾರ ಮಾಡುವುದನ್ನು ತಡೆಯುವ ನಿಯಮ ಇದಕ್ಕೂ ಅನ್ವಯಿಸುತ್ತದೆ ಎಂದಿತು.

ನಿಮ್ಮ ವಿಷಯದಲ್ಲಿ 'ಸರ್ವಿಸ್' ಪದ ಸೇರಿದ್ದೇ ತೊಂದರೆ. ಗ್ರಾಹಕರು ಅದನ್ನು ಕಂಪನಿಯದೇ ಸರ್ವಿಸ್ ಸೆಂಟರ್ ಅಂದುಕೊಳ್ಳುತ್ತಾರೆ. ಡೊಮೈನ್ ತಕರಾರು ಬಗೆಹರಿಸುವ ವೈಪೋದ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) 2001ರ 'ಓಕಿ ಡೇಟಾ' ತೀರ್ಪು ಮಾರಾಟಗಾರರಿಗೂ ರಿಪೇರಿಯವರಿಗೂ ಒಂದು ದಾರಿ ಬಿಟ್ಟಿದೆ ನಿಜ: ಸೈಟಿನಲ್ಲಿ ಆ ಬ್ರ್ಯಾಂಡಿನ ಕೆಲಸ ಮಾತ್ರ ಇರಬೇಕು, ಕಂಪನಿಯೊಂದಿಗೆ ನಿಮ್ಮ ಸಂಬಂಧ ಏನೆಂದು ಎದ್ದು ಕಾಣುವಂತೆ ಬರೆದಿರಬೇಕು, ಅದೇ ಹೆಸರಿನ ಡೊಮೈನುಗಳನ್ನೆಲ್ಲ ಬಾಚಿಕೊಂಡಿರಬಾರದು. ಅದೇ ಪುಟದಲ್ಲಿ ಬೇರೆ ಕಂಪನಿಗಳ ಪ್ಯೂರಿಫೈಯರ್ ರಿಪೇರಿಯೂ ಇದ್ದರೆ ಈ ವಾದ ನಿಲ್ಲದು.

ಹೊಸ ಡೊಮೈನನ್ನು ನಿಮ್ಮ ಅಂಗಡಿಯ ಹೆಸರಿನಲ್ಲಿ ಕೊಳ್ಳಿ. ಪುಟದೊಳಗೆ 'ಈ ಬ್ರ್ಯಾಂಡಿನ ಪ್ಯೂರಿಫೈಯರ್ ರಿಪೇರಿ ಮಾಡುತ್ತೇವೆ, ನಾವು ಕಂಪನಿಯ ಅಧಿಕೃತ ಕೇಂದ್ರವಲ್ಲ' ಎಂದು ಪ್ರಾಮಾಣಿಕವಾಗಿ ಬರೆಯಬಹುದು. ಅವರ ಲೋಗೋ ಬೇಡ. ಹಳೆಯದನ್ನು ಬಿಟ್ಟುಕೊಡುವ ಮುಂಚೆ ಒಂದು ಕೆಲಸ ಮರೆಯಲೇಬಾರದು. ಆ ಡೊಮೈನಿನ ಇಮೇಲನ್ನು ಬ್ಯಾಂಕಿಗೆ, ಜಿಎಸ್‌ಟಿ ಖಾತೆಗೆ ಕೊಟ್ಟಿದ್ದರೆ ಮೊದಲು ಬದಲಿಸಿ. ಡೊಮೈನ್ ಕೈಬದಲಾದ ಮೇಲೆ ಪಾಸ್‌ವರ್ಡ್ ರೀಸೆಟ್ ಮೇಲ್‌ಗಳೆಲ್ಲ ಹೊಸ ಮಾಲೀಕರಿಗೆ ಹೋಗುತ್ತವೆ. ನೋಟಿಸಿನಲ್ಲಿರುವ ಗಡುವಿನೊಳಗೆ ವಕೀಲರ ಮೂಲಕ ಉತ್ತರ ಕಳಿಸಿ. ಪ್ರಕರಣ ವೈಪೋದಂಥ ಸಂಸ್ಥೆಗೆ ಹೋದರೆ ಉತ್ತರಕ್ಕೆ ಸಿಗುವುದು 20 ದಿನ. ಅಲ್ಲಿ ಡೊಮೈನ್ ಹೋಗಬಹುದು, ದಂಡ ಬೀಳದು. ನಷ್ಟಪರಿಹಾರದ ಭಯ ಇರುವುದು ಕೋರ್ಟಿನಲ್ಲಿ.

ಪ್ರಶ್ನೆ: ಹೊಸ ಹೆಸರು ಕೊಳ್ಳುವ ಮುಂಚೆ ಹೇಗೆ ಪರೀಕ್ಷಿಸುವುದು?
– ಓದುಗರು, ಹಾಸನ

ಉತ್ತರ: ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ನೋಂದಣಿ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಕಾಗುಣಿತ ಹಾಕಿ ನೋಡಿದರಷ್ಟೇ ಸಾಲದು, ಉಚ್ಚಾರಣೆಯ ಹುಡುಕಾಟವನ್ನೂ ಮಾಡಿ; ಕಾಗುಣಿತ ಬೇರೆಯಿದ್ದು ಕಿವಿಗೆ ಒಂದೇ ಕೇಳಿಸುವ ಹೆಸರಿಗೂ ಕೇಸು ಬೀಳುತ್ತದೆ. ಟ್ರೇಡ್‌ಮಾರ್ಕ್‌ಗಳನ್ನು ವಸ್ತು, ಸೇವೆಗಳ ಪ್ರಕಾರ ವರ್ಗಗಳಾಗಿ ವಿಂಗಡಿಸಿರುತ್ತಾರೆ; ರಿಪೇರಿ ಸೇವೆಗೆ 37ನೇ ವರ್ಗ ನೋಡಿ, ಮಾರುವ ವಸ್ತುವಿನ ವರ್ಗವನ್ನೂ ನೋಡಿ.