88ರ ಸ್ಕೀ ಬಿಟ್ಟು 68ರ ಸಪೂರ ಕಾರ್ವಿಂಗ್ ಸ್ಕೀ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಚೆನ್ನಾಗಿಯೇ ಸ್ಕೀ ಮಾಡುತ್ತೀರಿ, ಕಡಿದಾದ ಇಳಿಜಾರಿಗೂ ಹೆದರಿಕೆ ಇಲ್ಲ. ದಿನದ ಬಹುಪಾಲು ಯಂತ್ರದಿಂದ ಸಮ ಮಾಡಿದ ಗಟ್ಟಿ ಹಿಮದ ಮೇಲೇ ಕಳೆಯುತ್ತದೆ. ಈಗ ಇರುವುದು ನಡು 88 ಮಿಲಿಮೀಟರ್ ಅಗಲದ ಆಲ್‌-ಮೌಂಟನ್ ಸ್ಕೀ, ಅಂದರೆ ಎಲ್ಲ ಬಗೆಯ ಹಿಮಕ್ಕೂ ಆಗುವಂಥದ್ದು. 68ರ ಆಸುಪಾಸಿನ ಕಾರ್ವಿಂಗ್ ಸ್ಕೀ (ಜಾರದೆ, ಅಂಚಿನ ಮೇಲೆ ಹಿಮ ಕೊಯ್ದಂತೆ ತಿರುಗಲು ಮಾಡಿದ್ದು) ತಗೊಂಡರೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತಾ, ಅಥವಾ ಅದು ಬರೀ ರೇಸ್ ಮಾಡುವವರಿಗಾ ಅಂತ ಕೇಳಿದ್ದೀರಿ.

ಗೊತ್ತಾಗುತ್ತೆ. ಮೊದಲ ನಾಲ್ಕೈದು ತಿರುವಿನಲ್ಲೇ ಗೊತ್ತಾಗುತ್ತೆ. ಖಂಡಿತ ತಗೊಳ್ಳಿ. ಆದರೆ ನಡುವಿನ ಅಗಲವೊಂದನ್ನೇ ನೋಡಿ ತಗೊಳ್ಳಬೇಡಿ. ನಾನು ಹಾಗೆ ಮಾಡಿ ಒಂದಿಡೀ ಸೀಸನ್ ಒದ್ದಾಡಿದ್ದೇನೆ.

ಮೊದಲು ಅಗಲದ ವಿಷಯ. ಗಟ್ಟಿ ಹಿಮದಲ್ಲಿ ಸ್ಕೀ ವಾಲಿಸಿದಾಗ ನಿಮ್ಮ ಭಾರವೆಲ್ಲ ನಿಲ್ಲುವುದು ಒಂದು ಎಡ್ಜ್ ಮೇಲೆ, ಅಂದರೆ ಸ್ಕೀ ತಳದ ಅಂಚಿನ ಉಕ್ಕಿನ ಪಟ್ಟಿಯ ಮೇಲೆ. ಆ ಎಡ್ಜ್ ನಿಮ್ಮ ಪಾದದ ನಡುಗೆರೆಯಿಂದ ಎಷ್ಟು ದೂರ ಇದೆ ಅನ್ನುವುದೇ ಇಲ್ಲಿ ಮುಖ್ಯ. 88ರ ಸ್ಕೀಯಲ್ಲಿ 44 ಮಿಲಿಮೀಟರ್, 68ರಲ್ಲಿ 34. ಹತ್ತು ಮಿಲಿಮೀಟರ್ ಏನು ಮಹಾ ಅನಿಸಬಹುದು. ಮೆಟ್ಟಿಲಿನ ಅಂಚಿನ ಮೇಲೆ ಪಾದದ ಒಳಬದಿ ಮಾತ್ರ ಊರಿ ನಿಂತು ನೋಡಿ. ಅಂಚು ಪಾದದ ಕೆಳಗೆ ಒಳಕ್ಕೆ ಬಂದಷ್ಟೂ ಆರಾಮ, ಹೊರಕ್ಕೆ ಜರುಗಿದಷ್ಟೂ ಪಾದ ಚಪ್ಪಟೆಯಾಗಲು ಎಳೆಯುತ್ತೆ, ಹಿಮ್ಮಡಿಯ ಕೀಲು ನಡುಗುತ್ತೆ. ಸ್ಕೀ ಮೇಲೆ ಆ ಎಳೆತವನ್ನು ಬೂಟು ತಡೆಯುತ್ತದೆ, ಉಳಿದದ್ದು ಮೊಣಕಾಲಿಗೆ ಹೋಗುತ್ತದೆ. ಮೆತ್ತನೆ ಹಿಮದಲ್ಲಿ ಸ್ಕೀ ಒಳಗೆ ಇಳಿಯುವುದರಿಂದ ಈ ಕಷ್ಟ ಅಷ್ಟಾಗಿ ಕಾಣುವುದಿಲ್ಲ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾದ ಹಿಮದಲ್ಲಿ ಪೂರ್ತಿ ಕಾಣುತ್ತದೆ. ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ ಹೊರಳುವುದೂ ಸಪೂರ ಸ್ಕೀಯಲ್ಲಿ ಬೇಗ. 88ರಲ್ಲಿ ಹೊರಳುವಾಗ ಕಾಲು ಒಂದು ಕ್ಷಣ ಕಾಯಬೇಕಾಗುತ್ತಿತ್ತು ಅಂತ ನನಗೆ ಗೊತ್ತಾದದ್ದೇ ಸಪೂರ ಸ್ಕೀ ಹತ್ತಿದ ಮೇಲೆ.

ಈಗ ಅಗಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ವಿಷಯ: ರೇಡಿಯಸ್, ಅಂದರೆ ಸ್ಕೀ ತಿರುಗುವ ವೃತ್ತದ ತ್ರಿಜ್ಯ, ಮೀಟರ್ ಲೆಕ್ಕದಲ್ಲಿ. ಸ್ಕೀ ಮೇಲೆ ಮೂರು ಅಂಕಿ ಬರೆದಿರುತ್ತಾರೆ, ಉದಾಹರಣೆಗೆ 120-68-104. ಮುಂದೆ, ನಡುವೆ, ಹಿಂದೆ ಎಷ್ಟು ಅಗಲ ಅಂತ. ನಡು ಒಳಕ್ಕೆ ಹೋದಷ್ಟೂ ಸ್ಕೀ ಬಿಗಿಯಾಗಿ ತಿರುಗುತ್ತದೆ. ಎಲಾನ್ ಕಂಪನಿ 1993ರಲ್ಲಿ ಎಸ್‌ಸಿಎಕ್ಸ್ ಅನ್ನುವ, ನಡು ಚೆನ್ನಾಗಿ ಒಳಕ್ಕೆ ಹೋದ ಸ್ಕೀ ತರುವವರೆಗೂ ಮಾರುಕಟ್ಟೆಯಲ್ಲಿದ್ದ ಸ್ಕೀಗಳು ಹೆಚ್ಚುಕಡಿಮೆ ನೇರ ಹಲಗೆಗಳೇ. ನಡು ಸಪೂರ ಇದ್ದರೂ ಅವು ಬಿಗಿಯಾಗಿ ತಿರುಗುತ್ತಿರಲಿಲ್ಲ. ಸಪೂರ ಅನ್ನುವುದೊಂದೇ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬರೆದಿರುವ ರೇಡಿಯಸ್ ಸ್ಕೀ ಚಪ್ಪಟೆಯಾಗಿ ಇದ್ದಾಗಿನ ಲೆಕ್ಕ. ವಾಲಿಸಿದಷ್ಟೂ ಸ್ಕೀ ಬಾಗುತ್ತದೆ, ತಿರುವು ಚಿಕ್ಕದಾಗುತ್ತದೆ. 13 ಮೀಟರ್ ಸ್ಕೀಯನ್ನು 60 ಡಿಗ್ರಿ ವಾಲಿಸಿದರೆ ತಿರುವು ಸುಮಾರು ಅರ್ಧಕ್ಕೆ, ಆರೂವರೆ ಮೀಟರ್‌ಗೆ ಬರುತ್ತದೆ. ಹಾಗಾಗಿ 12-13 ಮೀಟರ್‌ನ ಸ್ಲಾಲಮ್ (ಹತ್ತಿರ ಹತ್ತಿರ ನೆಟ್ಟ ಕಂಬಗಳ ನಡುವೆ ತಿರುಗುವ ರೇಸ್) ಜಾತಿಯ ಸ್ಕೀ ಕಡಿಮೆ ವೇಗದಲ್ಲೂ, ಕಿರಿದಾದ ಟ್ರೇಲ್‌ನಲ್ಲೂ ಕುಣಿಯುತ್ತದೆ. ಆದರೆ ಸುಮ್ನೆ ನೇರ ಹೋಗೋಣ ಅಂದರೆ ಬಿಡುವುದಿಲ್ಲ, ಮೂತಿ ಅತ್ತಿತ್ತ ತಿರುಗಿಸುತ್ತಲೇ ಇರುತ್ತದೆ. 17-18 ಮೀಟರ್‌ನದು ವೇಗದಲ್ಲಿ ಹಳಿ ಮೇಲಿನ ರೈಲಿನ ಹಾಗೆ ಹೋಗುತ್ತದೆ, ಆದರೆ ಅದಕ್ಕೆ ಅಗಲವಾದ, ಜನ ಇಲ್ಲದ ಇಳಿಜಾರು ಬೇಕು. ನಿಮಗೆ ನನ್ನ ಸಲಹೆ 14ರಿಂದ 16 ಮೀಟರ್, ನಡು 68ರಿಂದ 72. ಉದ್ದ ಗಲ್ಲದಿಂದ ಮೂಗಿನ ಮಧ್ಯೆ ಎಲ್ಲೋ ಒಂದು ಕಡೆ. 88ರ ಸ್ಕೀಗಿಂತ ಚಿಕ್ಕದು ತಗೊಂಡೆ ಅಂತ ಬೇಜಾರು ಬೇಡ. ವಿಶ್ವಕಪ್‌ನಲ್ಲೇ ಗಂಡಸರ ಸ್ಲಾಲಮ್ ಸ್ಕೀಗೆ ಕನಿಷ್ಠ ಉದ್ದ 165 ಸೆಂಟಿಮೀಟರ್, ಆರಡಿ ಮೇಲಿರುವವರೂ ಅದರಲ್ಲೇ ಓಡುತ್ತಾರೆ.

ನಾನು ಒದ್ದಾಡಿದ ಕಥೆ ಇಲ್ಲಿ ಬರುತ್ತದೆ. ಒಂದು ಅಂಗಡಿಯಲ್ಲಿ ಅಪ್ಪಟ ರೇಸ್ ಸ್ಕೀ ಕೊಟ್ಟರು, ನಡು 66. ಚೆನ್ನಾಗಿ ಸ್ಕೀ ಮಾಡುವವರಿಗೆ ಇದೇ ಸರಿ ಅಂದರು. ನಾನೂ ನಂಬಿದೆ. ಅದರೊಳಗೆ ಟೈಟಾನಲ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಎರಡು ದಪ್ಪ ಹಾಳೆ. ಮೊದಲ ಒಂದು ಗಂಟೆ ಸ್ವರ್ಗ. ಆಮೇಲೆ ಅದನ್ನು ಬಗ್ಗಿಸುವಷ್ಟು ವೇಗ ಕೊಡಲು ನನ್ನ ತೊಡೆಯಲ್ಲಿ ಶಕ್ತಿ ಉಳಿಯಲಿಲ್ಲ. ಬಾಗದ ಸ್ಕೀ ತಿರುಗುವುದಿಲ್ಲ, ಜಾರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪ್ರತಿ ತಿರುವಲ್ಲೂ ಹಿಂಭಾರ ಬೀಳುತ್ತಿತ್ತು. ಲೋಹದ ಹಾಳೆ ಇರಲಿ, ಅದು ನಡುಕ ಹೀರಿಕೊಳ್ಳುತ್ತದೆ, ಸ್ಕೀ ತಿರುಚಿಕೊಳ್ಳದಂತೆ ಹಿಡಿಯುತ್ತದೆ. ಆದರೆ ರೇಸ್ ವಿಭಾಗದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಆರಿಸಿ. ಬೆಳಿಗ್ಗೆಯ ಕಾಲಿಗಲ್ಲ, ಮಧ್ಯಾಹ್ನ ಮೂರು ಗಂಟೆಯ ಕಾಲಿಗೆ ಸ್ಕೀ ಕೊಳ್ಳಬೇಕು. ಸಾಧ್ಯವಾದರೆ ಬಾಡಿಗೆಗೆ ತಗೊಂಡು ಒಂದು ಪೂರ್ತಿ ದಿನ ಓಡಿಸಿ ನೋಡಿ.

ಎಡ್ಜ್ ಬಗ್ಗೆ ಒಂದು ಮಾತು. ಸಪೂರ ಸ್ಕೀ ತಂದು ಮೊಂಡು ಎಡ್ಜ್‌ನಲ್ಲಿ ಓಡಿಸಿದರೆ ಎಲ್ಲ ದಂಡ. ಹೆಬ್ಬೆರಳಿನ ಉಗುರನ್ನು ಎಡ್ಜ್‌ಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಬಿಳಿ ಪುಡಿಯಂಥ ಸಿಪ್ಪೆ ಎದ್ದರೆ ಹರಿತ ಇದೆ, ಉಗುರು ಜಾರಿಹೋದರೆ ಇಲ್ಲ. ಇಡೀ ಉದ್ದಕ್ಕೂ ನೋಡಿ. ಎಲ್ಲಕ್ಕಿಂತ ಮೊದಲು ಮೊಂಡಾಗುವುದು ಬೂಟಿನ ಕೆಳಗಿನ ಒಂದಡಿ ಜಾಗ. ನಾನು ಎಡ್ಜ್ ಅರೆಸುವಾಗ ಪಕ್ಕದ ಕೋನ 87 ಡಿಗ್ರಿ, ತಳದ ಕಡೆಯ ಓರೆ ಅರ್ಧ ಡಿಗ್ರಿ ಇಡಿಸುತ್ತೇನೆ. ತಳದ ಕಡೆ 1 ಡಿಗ್ರಿ ಇದ್ದರೆ ಸ್ವಲ್ಪ ಸಮಾಧಾನದ ಸ್ಕೀ ಆಗುತ್ತದೆ, ಮೊದಲ ಸಲಕ್ಕೆ ಅದೇ ವಾಸಿ. ಪ್ರತಿ ಎರಡು ದಿನಕ್ಕೊಮ್ಮೆ ಡೈಮಂಡ್ ಕಲ್ಲಿನಲ್ಲಿ ನಾಲ್ಕು ಸಲ ಉಜ್ಜಿದರೆ ಸಾಕು.

ಈ ಸ್ಕೀಗಳು ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ಮತ್ತು ಕೆಳಗೊಂದು ಪ್ಲೇಟ್ ಸಮೇತ ಬರುವುದೇ ಹೆಚ್ಚು. ಪ್ಲೇಟ್ ತೆಗೆಸಬೇಡಿ. ಬೂಟು ಸ್ಕೀಗಿಂತ ಅಗಲ ಇರುತ್ತದಲ್ವಾ, ಜೋರಾಗಿ ವಾಲಿಸಿದಾಗ ಬೂಟಿನ ಪಕ್ಕ ಹಿಮಕ್ಕೆ ತಾಗಿದರೆ ಎಡ್ಜ್ ಎದ್ದುಬಿಡುತ್ತದೆ, ನೀವು ಸೊಂಟದ ಮೇಲೆ ಬೀಳುತ್ತೀರಿ. ಪ್ಲೇಟ್ ಬೂಟನ್ನು ಎತ್ತರಿಸುವುದು ಅದಕ್ಕೇ.

88ರದ್ದನ್ನು ಮಾತ್ರ ಮಾರಬೇಡಿ. ಹೊಸ ಹಿಮ ಮೊಣಕಾಲುದ್ದ ಬಿದ್ದ ದಿನ, ಮಧ್ಯಾಹ್ನ ಹಿಮ ಕರಗಿ ಗುಡ್ಡೆ ಗುಡ್ಡೆಯಾದಾಗ ಸಪೂರ ಸ್ಕೀ ಒಳಗೆ ಹೂತುಕೊಂಡು ಸುಸ್ತು ಮಾಡುತ್ತದೆ.

ಹೊಸ ಸ್ಕೀ ಬಂದ ದಿನ ಬೆಳಿಗ್ಗೆ ಬೇಗ ಹೋಗಿ, ಯಂತ್ರ ಎಳೆದ ಗೆರೆಗಳು ಇನ್ನೂ ಅಳಿಸದಿರುವಾಗ. ಸುಲಭದ ಇಳಿಜಾರು ಸಾಕು. ಪಾದ ತಿರುಗಿಸಬೇಡಿ, ವಾಲಿಸಿ ಕಾಯಿರಿ. ಕೆಳಗೆ ನಿಂತು ತಿರುಗಿ ನೋಡಿ. ಗೆರೆಗಳ ಮೇಲೆ ಚಾಕುವಿನಲ್ಲಿ ಕೊಯ್ದಂತೆ ಎರಡು ಸಣ್ಣ ಗೀರು ಅಕ್ಕಪಕ್ಕ ಇದ್ದರೆ ಸ್ಕೀ ಬಾಗಿದೆ, ಕೆಲಸ ಮಾಡಿದೆ. ತಿರುವಿನ ಶುರುವಿನಲ್ಲಿ ಬೀಸಣಿಗೆಯಂತೆ ಹರಡಿದ್ದರೆ ಪಾದ ತಳ್ಳಿದ್ದೀರಿ ಅಂತ ಅರ್ಥ. 88ರಲ್ಲೂ ತಳ್ಳುತ್ತಿದ್ದಿರಬಹುದು, ಅದರಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಅಷ್ಟೇ. ನಿಮ್ಮ ಎತ್ತರ, ತೂಕ ತಿಳಿಸಿದರೆ ಉದ್ದ ಎಷ್ಟು ಅಂತ ಇನ್ನೂ ಸರಿಯಾಗಿ ಹೇಳುತ್ತೇನೆ.