ತೀರ್ಮಾನ ಬರೆದಿದ್ದೀರಿ, ಅಳತೆಯನ್ನು ಬಿಟ್ಟಿದ್ದೀರಿ

ಮಾನ್ಯರೇ,

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ, ಅಲ್ಝೈಮರ್ ಕಾಯಿಲೆಯ ಹೊಸ ಔಷಧಿ, ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅತಿವಾಹಕ (ರೋಧವಿಲ್ಲದೆ ವಿದ್ಯುತ್ ಹರಿಯಬಿಡುವ ವಸ್ತು), ಈ ಮೂರು ಸಂಶೋಧನೆಗಳ ಕುರಿತ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದೆ. ಭಾಷೆ ತಿಳಿಯಾಗಿದೆ, ವಿಷಯದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆದರೂ ಇದನ್ನು ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಮೂರೂ ಕಡೆ ನೀವು ಕೊನೆಯ ತೀರ್ಮಾನವನ್ನಷ್ಟೇ ಹೇಳಿದ್ದೀರಿ. ಏನನ್ನು, ಯಾವುದರೊಂದಿಗೆ ಹೋಲಿಸಿ, ಹೇಗೆ ಅಳೆದರು ಎಂಬುದು ಎಲ್ಲಿಯೂ ಇಲ್ಲ.

ಔಷಧಿಯ ಭಾಗ ನನ್ನನ್ನು ಹೆಚ್ಚು ಕಾಡಿತು. ಲೆಕಾನೆಮ್ಯಾಬ್ ‘ಮರೆವಿನ ಕಾಯಿಲೆಯನ್ನು ಶೇ. 27ರಷ್ಟು ಗುಣಪಡಿಸುತ್ತದೆ’ ಎಂದು ಬರೆದಿದ್ದೀರಿ. 2022ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಕಾಯಿಲೆಯ ಆರಂಭದ ಹಂತದಲ್ಲಿದ್ದ 1,795 ಜನರಿದ್ದರು. ಸುಮಾರು ಅರ್ಧದಷ್ಟು ಜನರಿಗೆ ಔಷಧಿಯನ್ನೂ ಉಳಿದವರಿಗೆ ಔಷಧಿಯಿಲ್ಲದ ದ್ರಾವಣವನ್ನೂ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಟ್ಟು, 18 ತಿಂಗಳ ನಂತರ ನೆನಪು ಮತ್ತು ದಿನನಿತ್ಯದ ಕೆಲಸಗಳ ಸಾಮರ್ಥ್ಯವನ್ನು 0ಯಿಂದ 18ರವರೆಗಿನ ಅಂಕಮಾಪನದಲ್ಲಿ ಅಳೆದರು. ಅಂಕ ಏರಿದಷ್ಟೂ ಕಾಯಿಲೆ ಉಲ್ಬಣಿಸಿದೆ ಎಂದರ್ಥ. ಔಷಧಿ ಪಡೆದವರ ಸರಾಸರಿ ಅಂಕ 1.21ರಷ್ಟು ಏರಿತು, ಪಡೆಯದವರದು 1.66ರಷ್ಟು. ಈ ಎರಡರ ವ್ಯತ್ಯಾಸವಾದ 0.45, 1.66ರ ಶೇ. 27 ಆಗುತ್ತದೆ. ಎಂದರೆ ಸರಾಸರಿಯಲ್ಲಿ ಎರಡೂ ಗುಂಪುಗಳ ಸ್ಥಿತಿ ಹದಗೆಟ್ಟಿತು, ಒಂದರದು ಸ್ವಲ್ಪ ನಿಧಾನವಾಗಿ. ಅಷ್ಟು ಅಂತರ ರೋಗಿಯ ಮನೆಯವರ ಗಮನಕ್ಕೆ ಬರುತ್ತದೆಯೇ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಔಷಧಿ ಪಡೆದವರಲ್ಲಿ ಶೇ. 12.6 ಮಂದಿಯ ಮೆದುಳಿನ ಸ್ಕ್ಯಾನಿಂಗ್‌ನಲ್ಲಿ ಊತ ಕಂಡುಬಂದದ್ದನ್ನೂ ನೀವು ಬಿಟ್ಟಿದ್ದೀರಿ. ಬಹುಕಾಲ ಸೋಲುಗಳನ್ನೇ ಕಂಡ ಕ್ಷೇತ್ರದಲ್ಲಿ ಇದು ನಿಜಕ್ಕೂ ಮಹತ್ವದ ಹೆಜ್ಜೆ. ಅದನ್ನು ಹಾಗೆಯೇ ಹೇಳಿದರೆ ಸಾಕು. ತಂದೆಯ ಮರೆವನ್ನು ನೋಡುತ್ತಾ ಕುಳಿತಿರುವ ಮಗಳೊಬ್ಬಳು ‘ಗುಣಪಡಿಸುತ್ತದೆ’ ಎಂಬ ನಿಮ್ಮ ಮಾತನ್ನು ನಂಬಿಬಿಡುತ್ತಾಳೆ. ಆ ಹೊಣೆ ನಿಮ್ಮದೂ ಹೌದು, ಅದನ್ನು ಅಚ್ಚು ಹಾಕುವ ನನ್ನದೂ ಹೌದು.

ಬ್ಯಾಕ್ಟೀರಿಯಾದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಜಪಾನಿನ ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದ ಆ ಜೀವಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ ಎಂಬ ಪ್ಲಾಸ್ಟಿಕ್‌ನ ಒಂದು ತೆಳುವಾದ ಹಾಳೆಯನ್ನು ಕರಗಿಸಲು ಸುಮಾರು ಆರು ವಾರ ತೆಗೆದುಕೊಂಡಿತು. ನೀರಿನ ಬಾಟಲಿಯ ಪೆಟ್‌ನಲ್ಲಿ ಅಣುಗಳ ಜೋಡಣೆ ಆ ಹಾಳೆಗಿಂತ ಹೆಚ್ಚು ಒತ್ತಾಗಿರುವುದರಿಂದ ಪ್ಲಾಸ್ಟಿಕ್ ಒಡೆಯುವ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಅಲ್ಲಿ ಹಿಡಿತ ಸಿಗುವುದು ಕಷ್ಟ. ‘ಸಾಗರಗಳು ಇನ್ನು ಶುಭ್ರವಾಗಲಿವೆ’ ಎಂಬ ವಾಕ್ಯವನ್ನು ತೆಗೆದುಹಾಕಿ.

ನಿಮ್ಮ ಲೇಖನದ ಜೀವಾಳ ಇರುವುದು ಮೂರನೆಯ ಭಾಗದಲ್ಲಿ, ಆದರೆ ನೀವು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಎಲ್‌ಕೆ-99 ಎಂಬ ವಸ್ತು ಅತಿವಾಹಕವೆಂದು ದಕ್ಷಿಣ ಕೊರಿಯಾದ ಸಂಶೋಧಕರು 2023ರ ಜುಲೈನಲ್ಲಿ ಹೇಳಿಕೊಂಡದ್ದು, ಇತರ ತಜ್ಞರ ಪರಿಶೀಲನೆಗೆ ಇನ್ನೂ ಒಳಪಡದ ಪ್ರಬಂಧಗಳಲ್ಲಿ. ಮುಂದಿನ ಕೆಲವೇ ವಾರಗಳಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಅದನ್ನು ತಾವೇ ತಯಾರಿಸಿ ನೋಡಿದವು. ಕೊರಿಯಾದವರು ಪುರಾವೆಯೆಂದು ತೋರಿಸಿದಂತೆ ಸುಮಾರು 104 ಡಿಗ್ರಿ ಸೆಲ್ಸಿಯಸ್‌ನ ಬಳಿ ವಿದ್ಯುತ್ ರೋಧ ಥಟ್ಟನೆ ಕುಸಿದದ್ದಕ್ಕೆ ಕಾರಣ, ತಯಾರಿಕೆಯಲ್ಲಿ ಉಳಿದುಕೊಂಡ ತಾಮ್ರದ ಸಲ್ಫೈಡ್ ಎಂಬ ಕಲ್ಮಶ. ಅದರ ಸ್ಫಟಿಕ ರಚನೆ ಬದಲಾಗುವುದು ಅದೇ ಉಷ್ಣತೆಯಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕಲ್ಮಶವಿಲ್ಲದ ಸ್ಫಟಿಕವನ್ನು ಬೆಳೆಸಿದಾಗ, ನಸುನೇರಳೆ ಬಣ್ಣದ ಆ ಪಾರದರ್ಶಕ ಹರಳು ಅತಿವಾಹಕವಾಗಿರಲಿಲ್ಲ, ವಿದ್ಯುತ್ ನಿರೋಧಕವಾಗಿತ್ತು. ಒಂದು ಹೇಳಿಕೆಯನ್ನು ವಿಜ್ಞಾನ ಹೇಗೆ ಪರೀಕ್ಷಿಸುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಇದೊಂದನ್ನೇ ಇಟ್ಟುಕೊಂಡು ಹೊಸದಾಗಿ ಬರೆದು ಕಳುಹಿಸಿ. ಅತಿವಾಹಕವೆನಿಸಿಕೊಳ್ಳಲು ರೋಧ ಪೂರ್ತಿ ಸೊನ್ನೆಯಾಗಬೇಕು, ವಸ್ತು ಕಾಂತಕ್ಷೇತ್ರವನ್ನು ತನ್ನೊಳಗಿನಿಂದ ಹೊರತಳ್ಳಬೇಕು. ಈ ಎರಡನ್ನೂ ಮೊದಲೇ ವಿವರಿಸಿ, ಆಮೇಲೆ ಚೂರೊಂದು ಅಯಸ್ಕಾಂತದ ಮೇಲೆ ಅರೆಬರೆ ಎದ್ದು ನಿಂತ, ಕೊರಿಯಾದ ಸಂಶೋಧಕರು ಹಂಚಿಕೊಂಡ ಆ ವಿಡಿಯೊಗೆ ಬನ್ನಿ. ಪತ್ರಿಕಾ ಪ್ರಕಟಣೆಗಳನ್ನು ನೆಚ್ಚಿಕೊಳ್ಳದೆ, ಮೂಲ ಪ್ರಬಂಧಗಳಲ್ಲಿ ಪ್ರಯೋಗದ ವಿಧಾನವನ್ನು ವಿವರಿಸುವ ಭಾಗವನ್ನು ಓದಿಕೊಂಡೇ ಬರೆಯಲು ಕೂರಿ.