ಅಷ್ಟು ಥಂಡಿಯಲ್ಲೂ ಕ್ಯೂಬಿಟ್ ಯಾಕೆ ಕೆಡುತ್ತದೆ?

ಪ್ರಶ್ನೆ: ಕ್ವಾಂಟಂ ಚಿಪ್ಪನ್ನು ಸೊನ್ನೆ ಕೆಲ್ವಿನ್ (ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರದ ಥಂಡಿಯಲ್ಲಿ ಇಡುತ್ತಾರಂತೆ. ಹಾಗಿದ್ದರೂ ಗದ್ದಲ ಎಲ್ಲಿಂದ ಬರುತ್ತದೆ? ಒಮ್ಮೆ ಹೋದ ಕೊಹೆರೆನ್ಸ್ ವಾಪಸ್ ಬರುತ್ತದೆಯೇ?
– ಬಿಎಸ್ಸಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಕೆಲವು ಸಲ ಬರುತ್ತದೆ. ಯಾವಾಗ ಅನ್ನೋದು ಗದ್ದಲದ ಸ್ವಭಾವ ನೋಡಿ ಹೇಳಬೇಕು. ಕ್ಯೂಬಿಟ್ ಅಂದರೆ ಕ್ವಾಂಟಂ ಕಂಪ್ಯೂಟರಿನ ಮಾಹಿತಿ ಘಟಕ; ಅದು 0 ಮತ್ತು 1 ಎರಡರ ಬೆರಕೆಯಲ್ಲೂ ಇರಬಲ್ಲದು. ಆ ಬೆರಕೆ ಕದಡದೆ ಉಳಿಯುವುದೇ ಕೊಹೆರೆನ್ಸ್, ಅದನ್ನು ಕದಡುವ ಸಣ್ಣಪುಟ್ಟ ಅಡಚಣೆಗಳೇ ಗದ್ದಲ.

ಸೂಪರ್‌ಕಂಡಕ್ಟಿಂಗ್ (ವಿದ್ಯುತ್ತಿಗೆ ತಡೆಯೇ ಇಲ್ಲದ ಲೋಹದ) ಕ್ಯೂಬಿಟ್‌ಗಳು ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ಶಕ್ತಿಯನ್ನು ತಾಪಮಾನಕ್ಕೆ ಲೆಕ್ಕ ಹಾಕಿದರೆ ಸುಮಾರು 0.24 ಕೆಲ್ವಿನ್. ಫ್ರಿಜ್ಜು 0.02 ಕೆಲ್ವಿನ್‌ಗೆ ಇಳಿದ ಮೇಲೆ ಬರೀ ಶಾಖಕ್ಕೆ ಕ್ಯೂಬಿಟ್ಟನ್ನು ಕೆಣಕುವ ಬಲ ಇರುವುದಿಲ್ಲ. ಆದರೆ ಲೋಹದ ಮೇಲಿನ ತೆಳು ಆಕ್ಸೈಡ್ ಪದರದಲ್ಲಿ ಪರಮಾಣು ಗಾತ್ರದ ದೋಷಗಳಿರುತ್ತವೆ. ಅವು ಕ್ಯೂಬಿಟ್ಟಿನ ಶಕ್ತಿ ಹೀರುತ್ತವೆ, ಆವರ್ತನವನ್ನೂ ಅಲುಗಿಸುತ್ತವೆ. ಮೇಲಿನ ಬೆಚ್ಚನೆಯ ಭಾಗದಿಂದ ಕೇಬಲ್ಲುಗಳ ಮೂಲಕವೂ ಗದ್ದಲ ಇಳಿಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ಸಾಧನ), ಫಿಲ್ಟರ್ ಹಾಕುತ್ತಾರೆ.

ಈಗ ವಾಪಸ್ ತರುವ ಮಾತು. ನಿಮ್ಮೂರು ಸೈಕ್ಲಿಸ್ಟ್‌ಗಳ ಊರು, ಅಲ್ವಾ? ಹತ್ತು ಜನ ಒಟ್ಟಿಗೆ ಹೊರಟರು ಅಂದುಕೊಳ್ಳಿ. ಒಬ್ಬೊಬ್ಬರ ವೇಗ ಒಂದೊಂದು, ಸ್ವಲ್ಪ ಹೊತ್ತಿಗೆ ಗುಂಪು ಚದುರುತ್ತದೆ. ಆಗ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲಿಂದಲೇ ಹಿಂದಕ್ಕೆ ತಿರುಗಿಸಿದರೆ? ಜೋರಾಗಿ ಹೋದವರಿಗೆ ವಾಪಸ್ ದಾರಿ ಜಾಸ್ತಿ, ನಿಧಾನ ಹೋದವರಿಗೆ ಕಡಿಮೆ. ಎಲ್ಲರೂ ಒಂದೇ ಕ್ಷಣಕ್ಕೆ ಹೊರಟ ಗೆರೆ ಮುಟ್ಟುತ್ತಾರೆ. ಭೌತವಿಜ್ಞಾನಿ ಎರ್ವಿನ್ ಹಾನ್ 1950ರಲ್ಲಿ ಪ್ರಕಟಿಸಿದ ಸ್ಪಿನ್ ಎಕೊ ತಂತ್ರ ಇದೇ. ನಾವು ಒಂದೇ ಪ್ರಯೋಗವನ್ನು ಸಾವಿರಾರು ಸಲ ಮಾಡುತ್ತೇವೆ. ಪ್ರತಿ ಸಲವೂ ಆವರ್ತನ ತುಸು ಬೇರೆ, ಅಂದರೆ ಬೇರೆ ಸವಾರ. ಸೀಟಿ ಅಂದರೆ ಹತ್ತಿಪ್ಪತ್ತು ನ್ಯಾನೊಸೆಕೆಂಡಿನ ಮೈಕ್ರೊವೇವ್ ಪಲ್ಸ್.

ನಡುದಾರಿಯಲ್ಲಿ ವೇಗ ಬದಲಾದರೆ ಈ ಲೆಕ್ಕ ಕೈಕೊಡುತ್ತದೆ. ಹಾಗಾಗಿ ಗದ್ದಲ ಬದಲಾಗುವ ಮೊದಲೇ ಪಲ್ಸನ್ನು ಮತ್ತೆ ಮತ್ತೆ ಕೊಡಬೇಕು. ಲೊರೆಂಜಾ ವಿಯೋಲಾ ಮತ್ತು ಸೇತ್ ಲಾಯ್ಡ್ 1998ರಲ್ಲಿ ಇದನ್ನು ಕ್ಯೂಬಿಟ್‌ಗಳಿಗಾಗಿ ವಿವರಿಸಿದರು. ಹೆಸರು ಡೈನಮಿಕಲ್ ಡಿಕಪ್ಲಿಂಗ್. ಸುಮ್ನೆ ಪಲ್ಸ್ ಜಾಸ್ತಿ ಮಾಡಿದರೂ ಆಗದು. ಪ್ರತಿ ಪಲ್ಸಿನಲ್ಲೂ ಸಣ್ಣ ತಪ್ಪಿರುತ್ತದೆ, ಅದು ಕೂಡುತ್ತಾ ಹೋಗುತ್ತದೆ.

ಇನ್ನು ಶಕ್ತಿಯೇ ಸೋರಿ 1 ಹೋಗಿ 0 ಆಯಿತೆನ್ನಿ. ಅದನ್ನು ಯಾವ ಪಲ್ಸೂ ವಾಪಸ್ ತರಲಾರದು. ಅಲ್ಲಿ ಬೇಕಾದದ್ದು ಒಳ್ಳೆಯ ಲೋಹ. ಪ್ರಿನ್ಸ್‌ಟನ್‌ನ ತಂಡ ಟ್ಯಾಂಟಲಮ್ ಲೋಹ ಬಳಸಿ ಶಕ್ತಿ ಉಳಿಯುವ ಅವಧಿಯನ್ನು 0.3 ಮಿಲಿಸೆಕೆಂಡ್ ದಾಟಿಸಿದ್ದು 2021ರಲ್ಲಿ ಪ್ರಕಟವಾಯಿತು. ಉಳಿದದ್ದಕ್ಕೆ ಪೀಟರ್ ಶೋರ್ 1995ರಲ್ಲಿ ತೋರಿಸಿದ ದಾರಿ ಇದೆ: ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರಲ್ಲಿ ಹಂಚಿ ತಪ್ಪು ಹಿಡಿಯುವುದು.

ಲ್ಯಾಪ್‌ಟಾಪಿನಲ್ಲೇ ಸಿಮ್ಯುಲೇಷನ್ ಮಾಡಿ ನೋಡಿ. ರಾಮ್ಸೆ (ನಡುವೆ ಸೀಟಿ ಊದದ್ದು), ಎಕೊ (ಊದುವುದು) ಎರಡೂ ಪ್ರಯೋಗಗಳಿರಲಿ. ಎಕೊದಲ್ಲಿ ಕೊಹೆರೆನ್ಸ್ ಬಹಳ ಹೊತ್ತು ಉಳಿದರೆ ಕಾಡುತ್ತಿರುವುದು ನಿಧಾನ ಗದ್ದಲ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ಗದ್ದಲ ವೇಗದ್ದು, ಇಲ್ಲವೇ ಶಕ್ತಿ ಸೋರುತ್ತಿದೆ.